ಗಂಟು ಹಾಕದ ಕೈ

ಅಥವಾ ಅವರು ನೀರಿಗೆ ಇಳಿದೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಿ ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ, ಎಡಗೈಯಲ್ಲಿ ದಾರ, ಬಲಗೈಯಲ್ಲಿ ಗಾಳದ ಕೋಲು, ಹಿಂದೆ ದೇವದಾರು ಮರಗಳು. ತಿಪ್ಪೇಸ್ವಾಮಿಯ ಫೋನಿನಲ್ಲಿರುವ ಫೋಟೋದಲ್ಲಿ ಮಾತ್ರ ಅವರು ದಡದ ಬಂಡೆಯ ಮೇಲೆ ಕೂತಿದ್ದಾರೆ. ಕಾಲು ಒಣಗಿವೆ. ಮೈಮೇಲೆ ಗಂಡಸರ ಸ್ವೆಟರ್. ಕೋಲು ಕೈಯಲ್ಲೇ ಇಲ್ಲ. ಅದು ಅದೇ ದಿನದ ಫೋಟೋ ಎಂದು ತಿಪ್ಪೇಸ್ವಾಮಿ ಆಣೆ ಮಾಡುತ್ತಾನೆ. ಫೋಟೋ ಸುಳ್ಳು ಹೇಳಲ್ಲ ಎನ್ನುತ್ತಾನೆ. ಮೀನು ಮೊಳದುದ್ದ ಇತ್ತು, ಅಕ್ಕ ಅದನ್ನು ಹಿಡಿದರು ಎನ್ನುವವನೂ ಅವನೇ. ಫೋಟೋದಲ್ಲಿ ಮೀನೂ ಇಲ್ಲ.

ಇದೆಲ್ಲ ಈಗ ಯಾಕೆ ಬೇಕಾಯಿತೆಂದರೆ, ನಮ್ಮ ಜೊತೆ ಕೆಲಸ ಮಾಡಿದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ಹೋದ ತಿಂಗಳು ತೀರಿಕೊಂಡರು. ನಮ್ಮ ಕಾರ್ಯಾಗಾರದ ಗೋಡೆಗೆ ಅವರ ಫೋಟೋ ಹಾಕುತ್ತಾರಂತೆ. ಕೆಳಗೆ ಎರಡು ಸಾಲು ಬರೆದುಕೊಡು ಎಂದು ನನಗೆ ಹೇಳಿದ್ದಾರೆ. ಲೇತ್ ನೋಡಿಕೊಳ್ಳುವ ತಿಪ್ಪೇಸ್ವಾಮಿ ಆಗಲೇ ಒಂದು ಸಾಲು ತಯಾರು ಮಾಡಿಟ್ಟಿದ್ದಾನೆ: ‘ಹಿಮಾಲಯದಲ್ಲಿ ಟ್ರೌಟ್ ಹಿಡಿದ ಮೊಳಕಾಲ್ಮೂರಿನ ಮೊದಲ ಹೆಣ್ಣುಮಗಳು.’

“ಹಿಡಿಲಿಲ್ಲ ಕಣೋ” ಅಂದೆ.

“ಹಿಡಿದಂಗೇ ಲೆಕ್ಕ ಬಿಡು. ಬ್ರಹ್ಮಗಿರಿ ಬಂಡೆ ಮ್ಯಾಲೆ ಅಶೋಕನ ಶಾಸನದ ಪಕ್ಕ ಕೆತ್ತಿಸೋ ಅಂಥ ಮಾತು. ನೀನು ಗೋಡೆಗೂ ಬ್ಯಾಡ ಅಂತೀಯ.”

ಎರಡು ಸಾಲಿನಲ್ಲಿ ಆಗದ್ದನ್ನು ಇಲ್ಲಿ ಬರೆಯಲು ನೋಡುತ್ತಿದ್ದೇನೆ. ಇದನ್ನೂ ಎರಡು ಸಲ ಬರೆದು ಹೊಡೆದು ಹಾಕಿದ್ದೇನೆ. ಎರಡು ಸಲವೂ ಅಕ್ಕ ತುಂಬ ಒಳ್ಳೆಯವರಾಗಿ ಬಂದರು. ಅವರು ಅಷ್ಟೇನೂ ಒಳ್ಳೆಯವರಲ್ಲ. ಜಂಬ ಇತ್ತು. ಇರಬೇಕಾದಷ್ಟೇ ಇತ್ತು.

ಚಳ್ಳಕೆರೆ ಹತ್ತಿರ ಕುದಾಪುರದ ಕಡೆ ಬೇಲಿ ಹಾಕಿಕೊಂಡಿರುವ ವಿಜ್ಞಾನ ಸಂಸ್ಥೆಗಳಲ್ಲಿ ಒಂದರಲ್ಲಿ ನಮ್ಮ ಕೆಲಸ. ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಬೆರಳಿನ ತುದಿಯಷ್ಟು ದಪ್ಪದ ಬಾಬಿನ್ ಮೇಲೆ ಕೈಯಲ್ಲಿ ಸುತ್ತಬೇಕು. ಆ ಸುರುಳಿ ಯಾವ ಉಪಕರಣದ ಹೊಟ್ಟೆಗೆ ಹೋಗುತ್ತದೆಂದು ನಮಗೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯವರು. ಮಗ್ಗ ಬಿಟ್ಟು ಇಲ್ಲಿಗೆ ಯಾಕೆ ಬಂದರೆಂದು ಮೂರು ಜನ ನನಗೆ ಮೂರು ಕಾರಣ ಹೇಳಿದ್ದಾರೆ. ಅವರನ್ನೇ ಕೇಳಿದರೆ, “ಬಸ್ಸು ಮನೆ ಮುಂದೇನೇ ನಿಲ್ತಿತ್ತು” ಎನ್ನುತ್ತಿದ್ದರು.

ಸುತ್ತುಗಳನ್ನು ಎಣಿಸುವುದು ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು ಎಂದು ತುಟಿ ಮಾತ್ರ ಅಲ್ಲಾಡುತ್ತಿತ್ತು. ನಡುವೆ ನಾನು ಏನಾದರೂ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಟ್ಟು, ಬಿಟ್ಟ ಅಂಕಿಯಿಂದಲೇ ಮತ್ತೆ ಎಣಿಸುತ್ತಿದ್ದರು. “ಲೆಕ್ಕ ತಪ್ಪಲ್ವಾ ಅಕ್ಕ?” ಎಂದರೆ, “ಮಾತು ಒಂದು ಗೂಡಲ್ಲೈತೆ, ಎಣಿಕೆ ಇನ್ನೊಂದ್ರಲ್ಲೈತೆ. ಯಾಕೆ ತಪ್ತದೆ?” ಆಗ ನನಗೆ ಮೂವತ್ತು ವರ್ಷ, ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದಳು. ಆದರೂ ಅವರು ನನ್ನನ್ನು ಕರೆಯುತ್ತಿದ್ದುದು ‘ಅಮ್ಮಾಯಿ’ ಎಂದೇ, ತೆಲುಗಿನಲ್ಲಿ ಹುಡುಗಿಯನ್ನು ಕರೆಯುವ ಹಾಗೆ.

ಅವರು ಗಂಟು ಹಾಕುತ್ತಿರಲಿಲ್ಲ. ಇದನ್ನು ಸ್ವಲ್ಪ ವಿವರಿಸಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಕೂಡಿಸುತ್ತಾರೆ. ಅದನ್ನು ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಎರಡು ತುದಿ ಸೇರಿಸಿ ಒಂದು ಹೊಸೆತ, ಅಷ್ಟೇ. ಗಂಟು ಹಾಕಿದರೆ ಅದು ಹಣಿಗೆಯ ಸಂದಿಯಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಅಕ್ಕನ ಮೇಜಿನ ಮೇಲೆ ಸಣ್ಣದೊಂದು ಸ್ಟೀಲ್ ಡಬ್ಬಿಯಲ್ಲಿ ಬೂದಿ ಇರುತ್ತಿತ್ತು. ತಾಮ್ರದ ತಂತಿಗೆ ಅದು ಬೇಕಿಲ್ಲ. ಬೆರಳಿಗೆ ಬೇಕು ಎನ್ನುತ್ತಿದ್ದರು. ಊಟದ ಚೀಲದ ಬಾಯನ್ನೂ ತಿರುಚಿ ಒಳಗೆ ಸಿಕ್ಕಿಸುತ್ತಿದ್ದರು. ಹೂವಿನ ಪೊಟ್ಟಣಕ್ಕೆ ಅಂಗಡಿಯವನು ಗಂಟು ಹಾಕಿ ಕೊಟ್ಟರೆ, ಹರಿಯದೆ ಕೂತು ಬಿಚ್ಚುತ್ತಿದ್ದರು. ದಾರ ಕತ್ತರಿಸಬೇಕಾದಾಗ ಮಾತ್ರ ತಾಳ್ಮೆ ಇರಲಿಲ್ಲ. ಕತ್ತರಿ ಎದುರಿಗೇ ಇದ್ದರೂ ಹಲ್ಲಲ್ಲೇ ಕಚ್ಚುತ್ತಿದ್ದರು.

ಆ ವರ್ಷ, ಅಂದರೆ ನಾಲ್ಕು ವರ್ಷದ ಹಿಂದೆ, ಸುರುಳಿ ಸುತ್ತುವ ಯಂತ್ರ ಬಂತು. ಯಂತ್ರಕ್ಕೆ ಒಗ್ಗದ ಚಿಕ್ಕ ಚಿಕ್ಕ ಸುರುಳಿಗಳಿಗಾಗಿ ಕೈಕೆಲಸದ ಒಂದೇ ಒಂದು ಕುರ್ಚಿ ಉಳಿಯುವುದಿತ್ತು. ಕೂರುವವರು ಇಬ್ಬರು, ಅಕ್ಕ ಮತ್ತು ನಾನು. ಕುರ್ಚಿ ಸಿಗದವರು ತಗಡಿನ ಶೆಡ್ಡಿನಲ್ಲಿದ್ದ ಪ್ಯಾಕಿಂಗಿಗೆ ಹೋಗಬೇಕು. ಅಕ್ಕನಿಗೆ ಇನ್ನು ಎರಡು ವರ್ಷದ ನೌಕರಿ. ನನಗೆ ಮುಂದೆ ಇನ್ನೂ ಎಷ್ಟೋ ವರ್ಷವಿತ್ತು. ಕೈ ಒಂದು ಸಲ ಬಿಟ್ಟರೆ ಮತ್ತೆ ಬರುವ ಕೆಲಸವಲ್ಲ ಇದು. ಅದೇ ಹೊತ್ತಿಗೆ ಅಕ್ಕನ ಬಲಗೈಯ ತೋರುಬೆರಳು ಸಣ್ಣಗೆ ನಡುಗಲು ಶುರುವಾಗಿತ್ತು. ಅವರು ಸುತ್ತಿದ ಎರಡು ಸುರುಳಿ ವಾಪಸ್ ಬಂದವು. ಅವರ ಇಷ್ಟು ವರ್ಷದ ಕೆಲಸದಲ್ಲಿ ಅದು ಮೊದಲು. ಅವರು ಅವುಗಳ ಮೇಲೆ ಉಗುರು ಆಡಿಸಿ ನೋಡಿದರು. ಸುರುಳಿ ಸರಿಯಿದೆಯೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಉಗುರಿನಿಂದ ನೋಡುತ್ತಿದ್ದರು. “ಹೂಂ, ಎಡವ್ತೈತೆ” ಎಂದು ಕೆಳಗಿಟ್ಟರು.

ನನಗೆ ಆ ಕುರ್ಚಿ ಬೇಕಿತ್ತು. ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಕುರ್ಚಿ ಯಾರಿಗೆಂದು ತೀರ್ಮಾನಿಸಬೇಕಾಗಿದ್ದವರು ನಮ್ಮ ವಿಭಾಗದ ಸಾಹೇಬರು. ಹಿಮಾಚಲದ ಮನುಷ್ಯ, ಅಲ್ಲಿಯ ಒಂದು ಕಣಿವೆಯ ತೊರೆಯ ಪಕ್ಕದಲ್ಲೇ ಅವರ ಮನೆ. ವರ್ಗವಾಗಿ ಹೋಗುವ ಮೊದಲು ಅಕ್ಕ, ನಾನು, ತಿಪ್ಪೇಸ್ವಾಮಿ ಮೂವರನ್ನೂ ಅವರೂರಿಗೆ ಟ್ರೌಟ್ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತೇನೆ ಎಂದರು. ಎರೆಹುಳು ಸಿಕ್ಕಿಸಿ ದಡದಲ್ಲಿ ಕೂರುವ ಗಾಳವಲ್ಲ ಇದು. ಕೊಕ್ಕೆಗೆ ಪುಕ್ಕ ಮತ್ತು ದಾರ ಸುತ್ತಿ ನೊಣದ ಹಾಗೆ ಮಾಡಿ, ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ಆ ನೊಣವನ್ನು ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಮೀನು ಅದನ್ನು ನಿಜವಾದ ಹುಳವೆಂದು ನಂಬಬೇಕು.

ಬೀಸುವುದನ್ನು ಕಲಿಯಲು ನೀರು ಬೇಕಿರಲಿಲ್ಲ, ಬಯಲು ಬೇಕಿತ್ತು. ಭಾನುವಾರಗಳಂದು ಕುರಿ ದನ ಮೇಯುವ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ನಿಂತು ನಾಲ್ಕೂ ಜನ ಒಣಹುಲ್ಲಿನ ಮೇಲೆ ದಾರ ಬೀಸಿದೆವು. ಕುರಿ ಹೊಡೆದುಕೊಂಡು ಬಂದವನೊಬ್ಬ ಬಹಳ ಹೊತ್ತು ನಿಂತು ನೋಡಿದ.

“ಏನ್ ಹಿಡಿತಿದೀರಿ ಸಾರ್?”

“ಮೀನು” ಅಂದ ತಿಪ್ಪೇಸ್ವಾಮಿ.

ಅವನು ಸುತ್ತ ಒಂದು ಸಲ ನೋಡಿದ. “ಹೋದ ವಾರ ಇದ್ವು ನೋಡ್ರಿ. ಈಗ ಹಂಗೇ ಆಂಧ್ರದ ಕಡೆ ಹೊಂಟೋದ್ವು.”

ಅಕ್ಕ ಕೋಲು ಕೆಳಗಿಟ್ಟು ನಕ್ಕರು. ನಕ್ಕು, “ಅಣ್ಣ, ಕರಿ ಕುರಿದು ಒಂದು ಹಿಡಿ ಉಣ್ಣೆ ಕೊಡ್ತೀಯಾ?” ಎಂದು ಕೇಳಿದರು.

“ಯಾಕವ್ವ?”

“ನೊಣ ಮಾಡ್ತೀನಿ.”

“ಊರಾಗಿರೋ ನೊಣ ಸಾಲ್ದೇನವ್ವ ನಿನಗೆ!” ಎನ್ನುತ್ತಲೇ ಅವನು ಕೊಟ್ಟ.

ಆ ಉಣ್ಣೆ, ಮೊಳಕಾಲ್ಮೂರಿನ ಮನೆಯಿಂದ ತಂದ ರೇಷ್ಮೆಯ ಎಳೆ, ಒಂದು ಕೂದಲಷ್ಟು ಜರಿ, ಪಕ್ಕದ ಮನೆಯ ನಾಟಿ ಕೋಳಿಯ ಕತ್ತಿನ ಪುಕ್ಕ. ಇವಿಷ್ಟರಿಂದ ಅಕ್ಕ ಹತ್ತು ಹುಳ ಕಟ್ಟಿದರು. ಹನ್ನೆರಡೂ ಇರಬಹುದು. ಸಾಹೇಬರ ಹತ್ತಿರ ಅಂಗಡಿಯಿಂದ ತಂದ ಹುಳಗಳು ಮರದ ಪೆಟ್ಟಿಗೆಯ ತುಂಬ ಇದ್ದವು. ಅಕ್ಕ ಅವನ್ನು ಒಂದೊಂದಾಗಿ ನೋಡಿ, “ಚೆನ್ನಾಗವೆ ಸಾಹೇಬ್ರೆ, ಮದುವೆಗೆ ಹೊಂಟಂಗವೆ” ಎಂದರು.

ಗಂಟಿನ ಜಗಳ ನಡೆದದ್ದೂ ಆಗಲೇ. ಬೀಸುವ ದಪ್ಪ ದಾರದ ತುದಿಗೆ ನೈಲಾನ್ ಎಳೆ, ಅದರ ತುದಿಗೆ ಇನ್ನೂ ತೆಳ್ಳನೆಯ ಎಳೆ, ಅದರ ಕೊನೆಗೆ ಹುಳ. ನೈಲಾನಿನ ಎರಡು ಎಳೆಗಳನ್ನು ಎಲ್ಲರೂ ಗಂಟು ಹಾಕಿ ಕೂಡಿಸುತ್ತಾರೆ. ಅಕ್ಕ ಒಪ್ಪಲಿಲ್ಲ. ಬೂದಿ ಹಚ್ಚಿ ಹೊಸೆದರು, ಮೇಲೆ ರೇಷ್ಮೆಯಿಂದ ಒತ್ತಾಗಿ ಸುತ್ತಿದರು, ಸುರುಳಿಗೆ ಹಾಕುವ ವಾರ್ನಿಷಿನ ಒಂದು ಹನಿ ಬಿಟ್ಟರು. ಉಗುರು ಆಡಿಸಿದರೆ ಎಲ್ಲಿ ಕೂಡಿದೆಯೆಂದು ಗೊತ್ತಾಗುತ್ತಿರಲಿಲ್ಲ. ಸಾಹೇಬರು ತಲೆ ಅಲ್ಲಾಡಿಸಿದರು. ತಮ್ಮ ಕನ್ನಡದಲ್ಲಿ, “ಅಕ್ಕ, ನೈಲಾನ್ ರೇಷ್ಮೆ ಅಲ್ಲ. ಜಾರ್ತದೆ” ಎಂದರು. ತಿಪ್ಪೇಸ್ವಾಮಿ ಒಂದನ್ನು ತಕ್ಕಡಿಯ ಸ್ಪ್ರಿಂಗಿಗೆ ಸಿಕ್ಕಿಸಿ ಎಳೆದ. ನೈಲಾನೇ ಹರಿಯಿತು, ಕೆಚ್ಚು ಬಿಡಲಿಲ್ಲ. ಅಕ್ಕ ಸೆರಗು ಸರಿ ಮಾಡಿಕೊಂಡರು. ಅಷ್ಟು ಜಂಬವನ್ನು ಅಷ್ಟು ಸಣ್ಣ ಕೆಲಸದಲ್ಲಿ ತೋರಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಅದು ಒಣಗಿದ್ದಾಗ ಮಾಡಿದ ಪರೀಕ್ಷೆ. ನೀರಿನಲ್ಲಿ ನಾವು ಯಾರೂ ನೋಡಿರಲಿಲ್ಲ.

ಪ್ರಯಾಣದ ಬಗ್ಗೆ ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ. ಬಸ್ಸು, ರೈಲು, ಜೀಪು. ಚಳ್ಳಕೆರೆಯಲ್ಲಿ ನಲ್ಲಿಯ ನೀರೇ ಕಾದು ಬರುವ ಏಪ್ರಿಲ್ ಅದು. ಅಕ್ಕ ತೊರೆಗೆ ಕೈಯಿಟ್ಟು ಚಟ್ಟನೆ ಎಳೆದುಕೊಂಡು, “ಯವ್ವಾ, ಕಚ್ತೈತೆ!” ಎಂದರು. ಅದು ಮಾತ್ರ ಕಿವಿಯಲ್ಲಿದೆ.

ಮೊದಲ ಎರಡು ದಿನ ಒಂದೂ ಮೀನು ಬೀಳಲಿಲ್ಲ. ಸಾಹೇಬರ ಮದುವೆ ಹುಳಗಳಿಗೂ ಇಲ್ಲ, ಅಕ್ಕನ ಹುಳಕ್ಕೂ ಇಲ್ಲ. ಎರಡನೆಯ ದಿನ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಾಗ ಅಕ್ಕ ದಡದಲ್ಲಿ ಬಗ್ಗಿ ನೀರಿನೊಳಗಿನ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರು.

“ಏನಕ್ಕ ಕಳ್ಕೊಂಡ್ರಿ?” ತಿಪ್ಪೇಸ್ವಾಮಿ ಕೂಗಿದ.

“ಗಿರಾಕಿ ಏನು ಉಡ್ತಾರೆ ಅಂತ ನೋಡ್ದೆ ಸೀರೆ ನೇಯ್ದೀನಿ ಕಣೋ.”

ಕಲ್ಲಿನ ಕೆಳಗೆ ಅಂಟಿಕೊಂಡಿದ್ದ ಹುಳವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದರು. ಕಂದು ಬಣ್ಣ, ಕತ್ತಿನ ಹತ್ತಿರ ಕಪ್ಪು, ಹೊಳಪೇ ಇಲ್ಲ. ಅಲ್ಲೇ ಕೂತು ತಾವು ಕಟ್ಟಿದ್ದನ್ನೆಲ್ಲ ಬಿಚ್ಚಿ ಜರಿ ತೆಗೆದು ಹಾಕಿದರು. ಕಪ್ಪು ಉಣ್ಣೆಗೆ ಕಂದು ರೇಷ್ಮೆ ಸೇರಿಸಿ ಹೊಸೆದು, ಬರೀ ಮಾಸಲು ಹುಳ ಕಟ್ಟಿದರು. ಬೆರಳು ನಡುಗುತ್ತಿತ್ತು. ತುಟಿ ಎಣಿಸುತ್ತಿತ್ತು.

“ತಿನ್ನಲ್ಲ ಅಂತೀರಿ, ಮತ್ಯಾಕಕ್ಕ ಇಷ್ಟು ಕಷ್ಟ ಪಟ್ಟು ಹಿಡಿಯೋದು?” ತಿಪ್ಪೇಸ್ವಾಮಿ ಕೇಳಿದ. ಅಕ್ಕ ಮೀನು ಮಾಂಸ ತಿನ್ನುತ್ತಿರಲಿಲ್ಲ.

“ನಾನು ನೇಯ್ದ ಸೀರೇಲಿ ಎಷ್ಟು ಉಟ್ಟೀನಿ ಹೇಳು ನೋಡಾಣ.”

ಅವನು ತಟ್ಟೆ ತೊಳೆಯಲು ಎದ್ದ.

ಮೂರನೆಯ ದಿನ ಬೆಳಿಗ್ಗೆ ಸಾಹೇಬರು ಅಕ್ಕನ ಮಾಸಲು ಹುಳ ಕಟ್ಟಿಕೊಂಡು ಬೀಸಿದರು. ಮೂರನೆಯದೋ ನಾಲ್ಕನೆಯದೋ ಬೀಸಿಗೆ ಮೀನು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. “ಅಕ್ಕನ ಹುಳ! ಅಕ್ಕನ ಹುಳ!” ಎಂದು ಅಷ್ಟು ದೊಡ್ಡ ಅಧಿಕಾರಿ ನೀರಿನಲ್ಲಿ ಕುಣಿದರು. ಕಾವಲಿನ ಕುರಿಯ ಉಣ್ಣೆ, ಮೊಳಕಾಲ್ಮೂರಿನ ರೇಷ್ಮೆ. ಹಿಮದ ನೀರಿನ ಮೀನು ಅದನ್ನು ತನ್ನ ಊರಿನ ಹುಳವೆಂದೇ ನಂಬಿತು. ಇಂದಿಗೂ ಇದನ್ನು ಬರೆಯುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ. ಸಾಹೇಬರು ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಮೊದಲು ಅಕ್ಕ ಬಗ್ಗಿ ನೋಡಿದರು. ಕಂದು ಮೈ, ಮೇಲೆ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಬಿಳಿಯ ಉಂಗುರ. “ಕೆಂಪು ಬುಟ್ಟಾ, ಸುತ್ತ ಬಿಳಿ ಅಂಚು” ಎಂದರು. “ಯಾರು ಕೂತು ಹಾಕಿದ್ರೋ.”

ಈ ಎರಡು ಮೀನೂ ಸಾಹೇಬರ ಗಂಟಿನ ದಾರದಲ್ಲಿ ಬಂದವು. ಅಕ್ಕ ಅದನ್ನು ಮರೆತಿರಲಿಲ್ಲ.

“ಈಗ ನೀವು, ಅಕ್ಕ” ಎಂದರು ಸಾಹೇಬರು.

ಅಕ್ಕ ತಮ್ಮ ಕೋಲು ತೆಗೆದುಕೊಂಡರು. ಅದರಲ್ಲಿ ಅವರ ಕೆಚ್ಚು ಇತ್ತು. “ಸಾಹೇಬ್ರೆ, ಒಂದು ಮಾತು. ಆ ಕುರ್ಚಿ ವಿಷಯ ನೀವು ಬಾಯಿಬಿಟ್ಟು ಹೇಳ್ತಿಲ್ಲ, ನಿಮಗೆ ಸಂಕೋಚ. ನಾನೇ ಹೇಳ್ತೀನಿ ಕೇಳ್ರಿ. ನನ್ನ ಕೆಚ್ಚಿನ ಮ್ಯಾಲೆ ಒಂದು ಮೀನು ದಡಕ್ಕೆ ಬಂದ್ರೆ ಕೈ ಇನ್ನೂ ನಂದೇ ಅಂತ. ನಾನೇ ಕೂತ್ಕೊತೀನಿ. ಕೆಚ್ಚು ಬಿಡ್ತಾ, ಈ ಅಮ್ಮಾಯಿ ಕೂತ್ಕೊತಾಳೆ.”

ಸಾಹೇಬರು ನಕ್ಕರು. ತಿಪ್ಪೇಸ್ವಾಮಿಯೂ ನಕ್ಕ. ನಾನು ನಗಲಿಲ್ಲ, ಅಕ್ಕನೂ ನಗಲಿಲ್ಲ.

ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ. ಅಕ್ಕ ಚೆನ್ನಾಗಿ ಬೀಸುತ್ತಿದ್ದರು, ಅದು ನಿಜ. ಲಾಳಿ ಎಸೆದ ಮಣಿಕಟ್ಟು, ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ಗೊತ್ತಿತ್ತು. ತೊರೆಯ ನಡುವೆ ಒಂದು ದೊಡ್ಡ ಬಂಡೆ, ಅದರ ಹಿಂದೆ ನೀರು ಮಡುಗಟ್ಟಿತ್ತು. ಹುಳ ಅಲ್ಲಿ ಇಳಿಯಿತು. ನೀರು ಒಂದು ಸಲ ಉಬ್ಬಿತು. ಕೋಲು ಬಗ್ಗಿತು.

“ದಾರ ಬಿಡಿ ಅಕ್ಕ, ಬಿಡಿ! ಎಳಿಬೇಡಿ!”

“ಬಿಡ್ತಿದೀನಿ, ನೀವು ಸುಮ್ಕಿರ್ರಿ.”

ಮೀನು ಒಂದು ಸಲ ಮೇಲೆ ಹಾರಿತು. ನಾನು ಕಂಡದ್ದು ಗೇಣುದ್ದ. ಮೊಳದುದ್ದ ಆಮೇಲೆ ಕ್ಯಾಂಟೀನಿನಲ್ಲಿ ಬೆಳೆದದ್ದು. ಆ ಕ್ಷಣದಲ್ಲಿ ನಾನು ಎಲ್ಲಿ ನಿಂತಿದ್ದೆ, ಬಿಸಿಲಿತ್ತೋ ಮೋಡವಿತ್ತೋ ಹೇಳಲಾರೆ. ಏನನ್ನು ಬಯಸಿದೆ ಎನ್ನುವುದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಬಿಟ್ಟು ಹೋಗಲಿ ಎಂದು ಬಯಸಿದೆ. ಅಕ್ಕ ಅದೇ ಹೊತ್ತಿಗೆ ಒಂದು ಸಲ ತಿರುಗಿ ನನ್ನ ಮುಖ ನೋಡಿದರು. ಅಥವಾ ಈ ನಾಲ್ಕು ವರ್ಷದಲ್ಲಿ ಆ ನೋಟವನ್ನು ನಾನೇ ಸೇರಿಸಿಕೊಂಡೆನೋ.

ಮೀನು ಬಂಡೆಯ ಆಚೆ ಸುತ್ತಿಕೊಂಡು ಹೋಯಿತು. ದಾರ ಬಂಡೆಯ ಅಂಚಿಗೆ ಉಜ್ಜಿತು. ಕೋಲು ಚಟ್ಟನೆ ನೆಟ್ಟಗಾಯಿತು.

ನಾವು ಕಲ್ಲು ಹತ್ತಿ ಇಳಿದು ಅವರ ಹತ್ತಿರ ಹೋಗುವಷ್ಟರಲ್ಲಿ ಅಕ್ಕ ದಾರವನ್ನು ಪೂರ್ತಿ ಎಳೆದುಕೊಂಡಿದ್ದರು. ತುದಿ ಅವರ ಬಾಯಲ್ಲಿತ್ತು. ಕಚ್ಚಿದರು. ಕಚ್ಚಿದ ಚೂರನ್ನು ಉಗುಳಿದರೋ, ಕೈಯಲ್ಲಿ ತೆಗೆದುಕೊಂಡರೋ, ನೋಡಲಿಲ್ಲ.

“ಕೆಚ್ಚು ಬಿಡ್ತು ಸಾಹೇಬ್ರೆ” ಎಂದರು.

“ಇಲ್ಲ ಅಕ್ಕ, ಬಂಡೆ ಕೊಯ್ತು. ನಾನು ನೋಡಿದೆ. ದಾರ ತೋರಿಸಿ.”

ದಾರದ ತುದಿ ನೋಡಿದರೆ ಗೊತ್ತಾಗುತ್ತದೆ. ಕೆಚ್ಚು ಜಾರಿದ್ದರೆ ತುದಿ ಸುರುಳಿಯಾಗಿರುತ್ತದೆ. ಬಂಡೆ ಕೊಯ್ದಿದ್ದರೆ ಕೆಚ್ಚು ಹಾಗೇ ಉಳಿದು, ಅದರ ಕೆಳಗಿನ ಎಳೆ ತರಿತರಿಯಾಗಿ ಹರಿದಿರುತ್ತದೆ. ಅಕ್ಕ ತೋರಿಸಿದ ತುದಿಯಲ್ಲಿ ಕೆಚ್ಚೂ ಇರಲಿಲ್ಲ, ಸುರುಳಿಯೂ ಇರಲಿಲ್ಲ. ಹಲ್ಲಿನ ಗುರುತು ಮಾತ್ರ ಇತ್ತು.

“ಅಯ್ಯೋ ಅಕ್ಕ, ಯಾಕೆ ಕಚ್ಚಿದ್ರಿ?” ತಿಪ್ಪೇಸ್ವಾಮಿ ತಲೆ ಮೇಲೆ ಕೈ ಇಟ್ಟುಕೊಂಡ.

“ಅಭ್ಯಾಸ ಕಣೋ” ಎಂದರು. ಬಂಡೆಯ ಮೇಲೆ ಕೂತರು. “ಚಳಿ ಆಗ್ತೈತೆ. ನಿನ್ನ ಸ್ವೆಟರ್ ಕೊಡು.”

ಆ ಫೋಟೋ ಬಹುಶಃ ಆಗಿನದು.

ಊರಿಗೆ ಬಂದ ಸೋಮವಾರ ಅಕ್ಕ ನನಗಿಂತ ಮೊದಲೇ ಬಂದು ಕುರ್ಚಿ ಒರೆಸಿ, ನನ್ನ ದಿಂಬನ್ನು ಅದರ ಮೇಲೆ ಇಟ್ಟಿದ್ದರು. ಸಾಹೇಬರು ಕರೆದು, ಅದು ತಮಾಷೆಗೆ ಆಡಿದ ಮಾತಲ್ಲವೇ ಎಂದು ಕೇಳಿದರಂತೆ. “ನಾನು ಮೀನಿನ ವಿಷಯದಲ್ಲಿ ತಮಾಷೆ ಮಾಡ್ತೀನಿ, ಎಳೆ ವಿಷಯದಲ್ಲಿ ಮಾಡಲ್ಲ” ಎಂದರಂತೆ. ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡಿದರು. ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು, ಅಲ್ಲೂ ಗಂಟು ಹಾಕದೆ. ಅವರು ಕಟ್ಟಿದ ಪೆಟ್ಟಿಗೆಯಲ್ಲಿ ಏನಾದರೂ ಒಡೆಯಿತು ಎಂಬ ದೂರು ನನ್ನ ಕಿವಿಗೆ ಬೀಳಲಿಲ್ಲ.

ದಿನಾ ಟೀ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ಮುಗಿದ ಸುರುಳಿಯನ್ನು ಎತ್ತಿ ಉಗುರು ಆಡಿಸುತ್ತಿದ್ದರು. ಎಡವಿದರೆ ಏನೂ ಹೇಳದೆ ನನ್ನ ಮುಂದೆ ಇಡುತ್ತಿದ್ದರು. ಎಡವದಿದ್ದರೆ “ಹೂಂ” ಎನ್ನುತ್ತಿದ್ದರು. ಮೊದಲ “ಹೂಂ” ಬರಲು ನನಗೆ ಏಳು ತಿಂಗಳು ಹಿಡಿಯಿತು. ಆ ದಿನ ಮನೆಗೆ ಹೋಗಿ ಮಗಳಿಗೂ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ.

ಕ್ಯಾಂಟೀನಿನಲ್ಲಿ ತಿಪ್ಪೇಸ್ವಾಮಿ ಮೀನನ್ನು ಬೆಳೆಸುತ್ತಲೇ ಇದ್ದ. ಅಕ್ಕ ಪ್ರತಿ ಸಲವೂ ತಿದ್ದುತ್ತಿದ್ದರು. “ಹಿಡಿಲಿಲ್ಲ. ಕೆಚ್ಚು ಬಿಡ್ತು. ನನ್ನ ಕೈಯಿಂದಲೇ ಹೋತು.” ಒಂದು ಸಲ ಶೆಡ್ಡಿನ ಹತ್ತಿರ ಇಬ್ಬರೇ ಇದ್ದಾಗ ನಾನು ಕೇಳಿದೆ, “ನಿಜವಾಗ್ಲೂ ಕೆಚ್ಚೇ ಬಿಡ್ತಾ ಅಕ್ಕ?”

ಅವರು ಹಗ್ಗ ತಿರುಚುವುದನ್ನು ನಿಲ್ಲಿಸಲಿಲ್ಲ. “ಕೂತ್ಕೊಂಡಿದೀಯಲ್ಲ, ಇನ್ನೇನು?”

ಹದಿನೈದು ದಿನದ ಹಿಂದೆ ಅವರ ಮಗಳು ಮೊಳಕಾಲ್ಮೂರಿನಿಂದ ಬಂದು ಒಂದು ಡಬ್ಬಿ ಕೊಟ್ಟಳು. “ಅವ್ವ ನಿಮಗೇ ಕೊಡು ಅಂದಿದ್ಲು” ಎಂದಳು. ಅದೇ ಬೂದಿ ಡಬ್ಬಿ. ಬೂದಿಯೊಳಗೆ ಬೆರಳಿಟ್ಟಾಗ ಏನೋ ತಗುಲಿತು. ನೈಲಾನ್ ಎಳೆಯ ಐದು ತುಂಡುಗಳು. ಪ್ರತಿಯೊಂದರ ನಡುವೆ ಅಕ್ಕನ ಕೆಚ್ಚು. ಐದೂ ಗಟ್ಟಿಯಾಗಿವೆ. ಉಗುರು ಆಡಿಸಿದೆ, ಒಂದೂ ಎಡವಲಿಲ್ಲ.

ಪ್ರವಾಸಕ್ಕೆ ಮೊದಲು ಅವರು ಪರೀಕ್ಷೆಗೆಂದು ಕೆಲವು ಕೆಚ್ಚು ಮಾಡಿದ್ದರು. ಆರು ಎನ್ನುತ್ತಾನೆ ತಿಪ್ಪೇಸ್ವಾಮಿ. ಒಂದನ್ನು ಅವನು ಸ್ಪ್ರಿಂಗಿನಲ್ಲಿ ಎಳೆದ, ಒಂದು ಕೋಲಿಗೆ ಹೋಯಿತು. ಹಾಗಾದರೆ ಉಳಿಯಬೇಕಾದದ್ದು ನಾಲ್ಕು, ಐದನೆಯದು ಅಕ್ಕ ಆ ದಿನ ದಾರದಿಂದ ಕಚ್ಚಿ ತೆಗೆದ ಕೆಚ್ಚೇ ಇರಬೇಕು. ಏಳು ಇದ್ದವೆಂದು ನನ್ನ ನೆನಪು. ಹಾಗಾದರೆ ಉಳಿಯಬೇಕಾದದ್ದೇ ಐದು. ಐದನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಎಲ್ಲದರ ತುದಿಯಲ್ಲೂ ಹಲ್ಲಿನ ಗುರುತಿದೆ. ಅವರು ಎಲ್ಲ ದಾರವನ್ನೂ ಹಲ್ಲಲ್ಲೇ ಕಚ್ಚುತ್ತಿದ್ದರು.

ಗೋಡೆಗೆ ಒಂದು ಸಾಲು ಬರೆದುಕೊಟ್ಟಿದ್ದೇನೆ: ‘ಇವರು ಕಟ್ಟಿದ ಹುಳಕ್ಕೆ ಬೆಟ್ಟದ ಮೀನು ಬಂತು.’ ಅಷ್ಟು ನಿಜ. ಎರಡನೆಯ ಸಾಲಿನ ಜಾಗ ಖಾಲಿ ಬಿಡಿ ಎಂದಿದ್ದೇನೆ. ಕೆಚ್ಚು ಬಿಟ್ಟಿತೋ, ಬಂಡೆ ಕೊಯ್ದಿತೋ ನನಗೆ ಗೊತ್ತಿಲ್ಲ. ಈ ಕುರ್ಚಿ ಅಕ್ಕ ಸೋತು ನನಗೆ ಬಂದದ್ದೋ, ಕೊಟ್ಟು ಬಂದದ್ದೋ, ಅದೂ ಗೊತ್ತಿಲ್ಲ.